ಕಾಳಿಗೆ ಎಷ್ಟು ಎಚ್‌ಪಿ, ಕಡಲಿಗೆ ಎಷ್ಟು?

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿ ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಾಡದೋಣಿಗೆ ಮಾತ್ರ ಒಂದು ಕಿಂಡಿ ಬಿಟ್ಟಿದ್ದಾರೆ: 10 ಅಶ್ವಶಕ್ತಿಯವರೆಗಿನ ಎಂಜಿನ್ ಇದ್ದರೆ ಆ ಎರಡು ತಿಂಗಳೂ ಬಲೆ ಬಿಡಬಹುದು. ಅದಕ್ಕಿಂತ ದೊಡ್ಡದನ್ನು ಕಟ್ಟಿಕೊಂಡ ದೋಣಿ ದಡದಲ್ಲೇ ಇರಬೇಕು. ಮಳೆಗಾಲದಲ್ಲಿ ಪೇಟೆಗೆ ಬರುವ ಮೀನು ಕಡಿಮೆ, ಬೆಲೆ ಹೆಚ್ಚು. ಒಂದು ಬುಟ್ಟಿ ಶೆಟ್ಲಿ ಸಿಕ್ಕರೂ ಆ ದಿನ ಸಾರ್ಥಕ. ಹಾಗಾಗಿ ಕಾರವಾರ, ಅಂಕೋಲೆ ಕಡೆಯವರು ಸಣ್ಣ ದೋಣಿಗೆ ಔಟ್‌ಬೋರ್ಡ್ ಎಂಜಿನ್ ಕೊಳ್ಳಲು ಹೊರಟಾಗ ಮೊದಲ ಗೆರೆಯನ್ನು ಎಳೆಯುವುದು ಕಡಲಲ್ಲ, ಮೆಕ್ಯಾನಿಕ್ಕೂ ಅಲ್ಲ, ಸರ್ಕಾರಿ ಆದೇಶ.

ಅಂಗಡಿಗಳಲ್ಲಿ 9.9 ಎಚ್‌ಪಿ ಎಂಬ ಅಂಕಿ ಕಾಣುವುದೂ ಇಂಥ ಗೆರೆಗಳಿಂದಲೇ. ಹತ್ತರ ಮಿತಿ ಹಾಕಿದ ಕೆರೆ, ಸರೋವರ, ಕರಾವಳಿಗಳು ಪ್ರಪಂಚದ ಬೇರೆ ಕಡೆಗಳಲ್ಲೂ ಇವೆ. ಕಂಪನಿಗಳು ಹತ್ತಕ್ಕೆ ಒಂದು ಕೂದಲೆಳೆ ಕಡಿಮೆ ಮಾಡಿ ಮಾರಿದವು.

ಕಾನೂನು ಹೇಳುವುದು ಎಷ್ಟು ಮೀರಬಾರದು ಎಂಬುದನ್ನು ಮಾತ್ರ. ಎಷ್ಟು ಬೇಕು ಎಂಬುದಕ್ಕೆ ಉತ್ತರವನ್ನು ದೋಣಿಯ ಉದ್ದ, ಹೊತ್ತ ಭಾರ ಮತ್ತು ಅದು ಓಡಾಡುವ ನೀರಿನಲ್ಲಿ ಹುಡುಕಬೇಕು. ವಾಸ್ತವದಲ್ಲಿ ಹೆಚ್ಚಿನವರು ಉತ್ತರ ಹುಡುಕುವುದು ಪಕ್ಕದ ದೋಣಿಯಲ್ಲಿ. ಅವನು 15 ಹಾಕಿದರೆ ಇವನು 25, ಇವನು 25 ಹಾಕಿದರೆ ಮತ್ತೊಬ್ಬ 40. ಹೀಗೆ ಏರಿದ ಎಚ್‌ಪಿ ಎಲ್ಲವೂ ವೇಗವಾಗಿ ಬದಲಾಗುವುದಿಲ್ಲ ಎಂಬುದೇ ಈ ಲೆಕ್ಕದ ತಿರುಳು.

ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೊಂದು ಅಲೆ, ಹಿಂದೊಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಎರಡು ಅಲೆಗಳ ಅಂತರವೂ ಹೆಚ್ಚುತ್ತದೆ. ಅಂತರ ದೋಣಿಯ ಉದ್ದಕ್ಕೆ ಸಮವಾದ ಹೊತ್ತಿಗೆ ದೋಣಿ ತಾನೇ ಎಬ್ಬಿಸಿದ ತಗ್ಗಿನಲ್ಲಿ ಕೂತುಬಿಟ್ಟಿರುತ್ತದೆ. ಆಮೇಲೆ ಎಷ್ಟು ರೇಸ್ ಕೊಟ್ಟರೂ ಮೂತಿ ಮೇಲೇಳುತ್ತದೆ, ಹಿಂಭಾಗ ಇಳಿಯುತ್ತದೆ, ಪೆಟ್ರೋಲ್ ಖರ್ಚಾಗುತ್ತದೆ, ವೇಗ ಮಾತ್ರ ಅಲ್ಲೇ. ಈ ಮಿತಿಯನ್ನು ಅಂದಾಜು ಮಾಡಲು ಹಳೆಯ ಸೂತ್ರವೊಂದಿದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. 16 ಅಡಿಯ ಪಾತಿ ದೋಣಿಗೆ ಸುಮಾರು 5.4 ನಾಟ್, 25 ಅಡಿಯ ಫೈಬರ್ ದೋಣಿಗೆ 6.7 ನಾಟ್, ಅಂದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಚಿಲ್ಲರೆ. ಉದ್ದ, ಕಿರಿದಾದ ದೋಣಿಗಳು ಇದನ್ನು ಸ್ವಲ್ಪ ಮೀರುತ್ತವೆ. ಅಗಲದವು ಇದರ ಹತ್ತಿರವೇ ಏದುಸಿರು ಬಿಡುತ್ತವೆ.

ಹಾಗಾದರೆ ಆ ವೇಗಕ್ಕೆ ಎಷ್ಟು ಶಕ್ತಿ ಸಾಕು? ಸಣ್ಣ ಮೀನುಗಾರಿಕಾ ದೋಣಿಗಳಿಗೆ ಒಟ್ಟು ಭಾರದ ಒಂದು ಟನ್ನಿಗೆ 4ರಿಂದ 5 ಎಚ್‌ಪಿ ಎಂಬುದು ಬಳಕೆಯಲ್ಲಿರುವ ಅಂದಾಜು. ಒಟ್ಟು ಭಾರ ಎಂದರೆ ದೋಣಿಯ ತೂಕ ಮಾತ್ರ ಅಲ್ಲ, ವಾಪಸು ಬರುವಾಗಿನ ತೂಕ. 25 ಅಡಿಯ ಒಂದು ಫೈಬರ್ ದೋಣಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಖಾಲಿ ದೋಣಿ 550 ಕೆ.ಜಿ., ಎಂಜಿನ್ ಮತ್ತು ಇಂಧನ 80, ಮೂರು ಜನ 200, ಒದ್ದೆಯಾದ ಬಲೆ, ಹಗ್ಗ, ಲಂಗರು 200, ಮಂಜುಗಡ್ಡೆ ಮತ್ತು ಮೀನು 300. ಒಟ್ಟು 1,330 ಕೆ.ಜಿ. ಸೂತ್ರದ ಪ್ರಕಾರ ಐದೂವರೆಯಿಂದ ಆರೂವರೆ ಎಚ್‌ಪಿ. ಎದುರುಗಾಳಿ, ಅಲೆ, ಎಂಜಿನ್ನಿನ ವಯಸ್ಸು ಇವಕ್ಕೆಂದು ಮೂರನೇ ಒಂದು ಭಾಗ ಸೇರಿಸಿದರೂ ಒಂಬತ್ತರ ಒಳಗೇ ಮುಗಿಯುತ್ತದೆ. ಕಾನೂನು ಎಳೆದ ಗೆರೆ ಇಂಥ ದೋಣಿಗೆ ಶಿಕ್ಷೆಯೇನಲ್ಲ. ಅದರ ಅಗತ್ಯವೂ ಹೆಚ್ಚುಕಡಿಮೆ ಅಲ್ಲೇ ಇದೆ.

ಒದ್ದೆ ಬಲೆಯ ತೂಕವನ್ನು ಲೆಕ್ಕಕ್ಕೆ ಹಿಡಿಯದವರೇ ಬಹಳ. ಒಣ ಬಲೆ, ಖಾಲಿ ಪೆಟ್ಟಿಗೆ, ಒಬ್ಬನೇ ಚಾಲಕ, ನಿಂತ ನೀರು: ಅಂಗಡಿಯವರು ತೋರಿಸುವ ಓಟ ಹೀಗಿರುತ್ತದೆ. ಆಗ ಯಾವ ಎಂಜಿನ್ ಆದರೂ ಚುರುಕಾಗಿಯೇ ಕಾಣುತ್ತದೆ.

ಕಾಳಿ ನದಿಯ ಒಳಭಾಗಕ್ಕೆ ಬಂದರೆ ಲೆಕ್ಕ ಇನ್ನೂ ಸಣ್ಣದಾಗುತ್ತದೆ. ಕಿನ್ನರ, ಕಡವಾಡ ಕಡೆಯ ನದಿಪಾತ್ರದಲ್ಲಿ ಉಬ್ಬರ ಇಳಿತ ನೋಡಿಕೊಂಡು ಬಲೆ ಬಿಡುವವರಿಗೆ, ಏಡಿ ಹಿಡಿಯುವವರಿಗೆ, ಬಳಚು ತೆಗೆಯುವವರಿಗೆ ದೂರ ಹೆಚ್ಚಿಲ್ಲ, ಅಲೆ ಇಲ್ಲ. 16 ಅಡಿಯ ಪಾತಿ, ಇಬ್ಬರು ಜನ, ನಾಲ್ಕಾರು ಚೀಲ ಬಳಚು ಎಲ್ಲ ಸೇರಿ ಅರ್ಧ ಟನ್ನು ದಾಟುವುದು ಅಪರೂಪ. ಲೆಕ್ಕಕ್ಕೆ ಎರಡೂವರೆ ಎಚ್‌ಪಿ. ಇಳಿತದ ಸೆಳೆತಕ್ಕೆ ಎದುರಾಗಿ ಬರಬೇಕಾದ್ದರಿಂದ 4ರಿಂದ 6 ಎಚ್‌ಪಿ ಇದ್ದರೆ ಧಾರಾಳ. ಅಂಥ ಎಂಜಿನ್ನನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಮನೆಗೊಯ್ಯಬಹುದು ಎಂಬುದು ಸಣ್ಣ ಸೌಲಭ್ಯವೇನಲ್ಲ. ದಡದಲ್ಲಿ ಬಿಟ್ಟುಬಂದ ಎಂಜಿನ್ ಬೆಳಿಗ್ಗೆ ಅಲ್ಲೇ ಇರುತ್ತದೆ ಎಂದು ಯಾರು ಭರವಸೆ ಕೊಟ್ಟಾರು? ಕಾಳಿಯ ಮರಳು ದಿಬ್ಬಗಳ ನಡುವೆ ದೊಡ್ಡ ಎಂಜಿನ್ನಿನ ಉದ್ದ ಕಾಲು ನೆಲಕ್ಕೆ ತಾಗುವುದೇ ಹೆಚ್ಚು. ಸಣ್ಣ ಎಂಜಿನ್‌ಗಳಲ್ಲಿ ಪ್ರೊಪೆಲ್ಲರಿಗೆ ಪೆಟ್ಟು ಬಿದ್ದರೆ ತಾನು ಮುರಿದು ಗೇರನ್ನು ಉಳಿಸುವ ಪಿನ್ ಇರುತ್ತದೆ. ಅಂಥ ಎರಡು ಪಿನ್ನು, ಒಂದು ಇಕ್ಕಳ ದೋಣಿಯಲ್ಲಿ ಸದಾ ಇರಬೇಕು.

ಮಳೆಗಾಲದಲ್ಲಿ ಇದೇ ನದಿಗಳ ವರಸೆ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ, ನೌಕಾಪಡೆಯ ಮುಳುಗುಗಾರರು ಹಲವು ದಿನ ನೀರಿಗಿಳಿಯಲಾಗದೆ ಕಾಯಬೇಕಾಯಿತು. ಆಗ ಹೊಳೆಯ ಸೆಳೆತ 6 ನಾಟ್‌ಗೂ ಮೇಲಿತ್ತು. ಮೇಲಿನ ಲೆಕ್ಕದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು. 25 ಅಡಿಯ ದೋಣಿ 9.9ರಲ್ಲಿ ಪೂರ್ತಿ ರೇಸ್ ಕೊಟ್ಟು ಓಡಿದರೂ ಅಂಥ ಹೊಳೆಯಲ್ಲಿ ದಡದ ಮರಕ್ಕೆ ಹೋಲಿಸಿದರೆ ನಿಂತಲ್ಲೇ ನಿಂತಿರುತ್ತದೆ. 16 ಅಡಿಯ ಪಾತಿ ಹಿಂದಕ್ಕೇ ಹೋಗುತ್ತದೆ. ಅಲ್ಲಿ 25 ಎಚ್‌ಪಿ ಹಾಕಿದರೂ ಹೊರೆ ತುಂಬಿದ ದೋಣಿಗೆ ದಕ್ಕುವ ಲಾಭ ಅತ್ಯಲ್ಪ. ಕಾಳಿಯಲ್ಲೂ ಕದ್ರಾ ಅಣೆಕಟ್ಟಿನ ಗೇಟು ತೆರೆಯುವ ಸೂಚನೆ ಬಂದ ದಿನ ಎಂಜಿನ್ ಎಷ್ಟು ದೊಡ್ಡದು ಎಂಬ ಪ್ರಶ್ನೆಯೇ ಅಪ್ರಸ್ತುತ. ದೋಣಿಯನ್ನು ಎತ್ತರಕ್ಕೆ ಎಳೆದು ಕಟ್ಟುವುದೊಂದೇ ಕೆಲಸ.

ತೆರೆದ ಕಡಲಿಗೆ ಹೋಗುವವರ ಕತೆಯಲ್ಲಿ ಗಾಳಿಯೂ ಒಬ್ಬ ಪಾತ್ರಧಾರಿ. ಮಾಜಾಳಿ, ಹಾರವಾಡ, ಬೇಲೆಕೇರಿ, ಕೇಣಿ, ಎಲ್ಲಿಂದ ಹೊರಟರೂ ಬೇಸಿಗೆಯಲ್ಲಿ ಬೆಳಗಿನ ಜಾವ ನೆಲದ ಗಾಳಿ ಬೆನ್ನಿಗಿರುತ್ತದೆ, ನೀರು ಎಣ್ಣೆಯಂತೆ ತಣ್ಣಗಿರುತ್ತದೆ. ಮಧ್ಯಾಹ್ನ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ವಾಯವ್ಯಕ್ಕೆ ಮುಖ ಮಾಡಿ ಮನೆಗೆ ಬರಬೇಕಾದವರಿಗೆ ದೋಣಿ ತುಂಬ ಮೀನು, ಎದುರಿಗೆ ಗಿಡ್ಡ ಅಲೆ. ಹೊರಡುವಾಗ ಅರ್ಧ ರೇಸಿನಲ್ಲಿ ಆದ ಕೆಲಸಕ್ಕೆ ಬರುವಾಗ ಮುಕ್ಕಾಲು ಬೇಕು. ಆದ್ದರಿಂದ ಸಾಮಾನ್ಯ ಓಟದಲ್ಲಿ ಎಂಜಿನ್ನಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬಳಸದಂತೆ ಗಾತ್ರ ಆರಿಸುವುದು ಕ್ಷೇಮ. ಇಂಧನಕ್ಕೂ ಇಂಥದೇ ನಿಯಮ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಕಾರವಾರದಲ್ಲಿ ಇನ್ನೊಂದು ಸುತ್ತು ಇದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆಯ ಸುತ್ತಲಿನ ನೀರು ನಿರ್ಬಂಧಿತ. ನಕಾಶೆಯಲ್ಲಿ ಕಾಣುವ ನೇರ ದಾರಿಯ ಬದಲು ಬಳಸಿಕೊಂಡು ಹೋಗಬೇಕಾದರೆ ಆ ದೂರವನ್ನೂ ಟ್ಯಾಂಕಿನ ಲೆಕ್ಕಕ್ಕೆ ಸೇರಿಸಬೇಕು.

25, 40 ಎಚ್‌ಪಿಗೆ ಅರ್ಥವೇ ಇಲ್ಲವೇ? ಇದೆ. ಹಗುರವಾದ, ತಳ ಚಪ್ಪಟೆಯಾದ ದೋಣಿ ಅಲೆಯ ತಗ್ಗಿನಿಂದ ಮೇಲೆದ್ದು ನೀರಿನ ಮೇಲ್ಮೈಯಲ್ಲೇ ಜಾರಿಕೊಂಡು ಓಡಬಲ್ಲದು. ಅದಕ್ಕೆ 25ರಿಂದ 30 ಕೆ.ಜಿ.ಗೆ ಒಂದು ಎಚ್‌ಪಿ ಬೇಕು. ಒಟ್ಟು 700 ಕೆ.ಜಿ. ತೂಗುವ ದೋಣಿಯನ್ನು 25 ಎಚ್‌ಪಿ ಮೇಲಕ್ಕೆತ್ತುತ್ತದೆ. ಆದರೆ 1,330 ಕೆ.ಜಿ.ಯ ನಮ್ಮ ಉದಾಹರಣೆಯ ದೋಣಿಗೆ 45ರಿಂದ 53 ಬೇಕಾಗುತ್ತದೆ. ಬಂಗುಡೆಯ ಹಿಂಡು ಕಂಡಲ್ಲಿಗೆ ಉಳಿದವರಿಗಿಂತ ಮೊದಲು ತಲುಪಬೇಕಾದ ಸುತ್ತುಬಲೆಯವರಿಗೆ, ದೂರದ ಇಸವಾಣಕ್ಕೆ ಹೋಗುವವರಿಗೆ ಈ ವೇಗಕ್ಕೆ ಬೆಲೆ ಇದೆ. ಸಂಜೆ ಕಂತುಬಲೆ ಬಿಟ್ಟು ಬೆಳಿಗ್ಗೆ ಎಳೆಯುವವರಿಗೆ ಇಲ್ಲ. ಬಲೆಗೆ ಬಿದ್ದ ಮೀನು ಹತ್ತು ನಿಮಿಷ ತಡವಾದರೆ ಓಡಿಹೋಗುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ಅತಿ ದುಬಾರಿ ಸ್ಥಿತಿ: ಭಾರದ ದೋಣಿಗೆ 25 ಕಟ್ಟಿ, ಮೇಲೇಳಲೂ ಆಗದೆ ತಗ್ಗಿನಲ್ಲಿ ಕೂರಲೂ ಒಪ್ಪದೆ ಪೂರ್ತಿ ರೇಸಿನಲ್ಲಿ ಒದ್ದಾಡುವುದು. ಕಡಲಲ್ಲಿ ಇಂಥ ದೋಣಿಗಳನ್ನು ದೂರದಿಂದಲೇ ಗುರುತಿಸಬಹುದು. ಮೂತಿ ಆಕಾಶಕ್ಕೆ, ಹಿಂದೆ ದೊಡ್ಡ ಅಲೆ.

ಆ ಒದ್ದಾಟದ ಬೆಲೆ ಎಷ್ಟು? ಪೂರ್ತಿ ರೇಸಿನಲ್ಲಿ ಫೋರ್ ಸ್ಟ್ರೋಕ್ ಎಂಜಿನ್ ಪ್ರತಿ 10 ಎಚ್‌ಪಿಗೆ ಗಂಟೆಗೆ ಸುಮಾರು 4 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಹಳೆಯ ಮಾದರಿಯ ಟೂ ಸ್ಟ್ರೋಕ್ 5 ಲೀಟರಿನ ಸುಮಾರು. ಮೂರು ಗಂಟೆಯ ಓಟಕ್ಕೆ 9.9 ಫೋರ್ ಸ್ಟ್ರೋಕಿಗೆ 12 ಲೀಟರ್, 25 ಎಚ್‌ಪಿಗೆ 30 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ 1,200 ಮತ್ತು 3,000. ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಬೇಕಾಗುವ ಶಕ್ತಿ ಕಾಲು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಅಷ್ಟೇ ದೂರಕ್ಕೆ ಇಂಧನ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ದೊಡ್ಡದನ್ನು ಕೊಂಡು ನಿಧಾನ ಓಡಿಸೋಣ ಎಂಬ ಉಪಾಯ ಫೋರ್ ಸ್ಟ್ರೋಕಿನಲ್ಲಿ ನಡೆಯುತ್ತದೆ. ಟೂ ಸ್ಟ್ರೋಕಿನಲ್ಲಿ ದಿನವಿಡೀ ಕಡಿಮೆ ರೇಸ್ ಎಂದರೆ ಪ್ಲಗ್ಗಿಗೆ ಮಸಿ, ಬೆಳಿಗ್ಗೆ ಹಗ್ಗ ಎಳೆದೆಳೆದು ತೋಳು ನೋವು.

ಇಂಧನ ಯಾವುದು ಎಂಬ ಪ್ರಶ್ನೆಯೂ ಗಾತ್ರಕ್ಕೇ ಅಂಟಿಕೊಂಡಿದೆ. ಈ ಕರಾವಳಿಯಲ್ಲಿ ಬಹುಕಾಲ ಓಡಿದ್ದು ಸೀಮೆಎಣ್ಣೆ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರುವ ಪದ್ಧತಿ ಎಲ್ಲರಿಗೂ ಗೊತ್ತು. ಸಬ್ಸಿಡಿ ಸೀಮೆಎಣ್ಣೆಯ ಹಂಚಿಕೆ ಕುಗ್ಗುತ್ತ ಬಂದಂತೆ ಆ ಎಂಜಿನ್‌ಗಳ ಆಕರ್ಷಣೆಯೂ ಕುಗ್ಗಿತು. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಾಯಿಸುವವರಿಗೆ 50,000 ರೂಪಾಯಿ ಸಹಾಯಧನ ಘೋಷಿಸಿತು. ಬದಲಾಯಿಸುವಾಗ ಹಳೆಯ ಎಚ್‌ಪಿಯನ್ನೇ ಕಣ್ಣುಮುಚ್ಚಿ ಕೇಳುವ ಬದಲು ಭಾರದ ಲೆಕ್ಕವನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಪೆಟ್ರೋಲಿನದೂ ಒಂದು ತಕರಾರಿದೆ. ಈಗ ಪಂಪುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಬಹುತೇಕ ಔಟ್‌ಬೋರ್ಡ್ ಕಂಪನಿಗಳ ಕೈಪಿಡಿ ಒಪ್ಪುವುದು ಶೇ 10ರವರೆಗೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸುವುದು, ಟ್ಯಾಂಕಿನಲ್ಲಿ ವಾರಗಟ್ಟಲೆ ಪೆಟ್ರೋಲ್ ಇಡದಿರುವುದು, ಕೊಳ್ಳುವ ಮುನ್ನ ಈ ಮಾದರಿ ಎಷ್ಟು ಎಥನಾಲ್ ತಡೆಯುತ್ತದೆ ಎಂದು ಬರಹದಲ್ಲಿ ಕೇಳುವುದು ಈಗ ಅನಿವಾರ್ಯ.

ಎಚ್‌ಪಿಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಫ್ಯಾನಿನ ಬಗ್ಗೆ, ಅಂದರೆ ಪ್ರೊಪೆಲ್ಲರಿನ ಬಗ್ಗೆ, ಒಂದು ಮಾತೂ ಆಡುವುದಿಲ್ಲ. ಎಂಜಿನ್ ಎಷ್ಟೇ ದುಡಿದರೂ ದೋಣಿಯನ್ನು ತಳ್ಳುವುದು ಅದೇ. ಅದರ ಮೇಲೆ ಎರಡು ಅಂಕಿ ಕೆತ್ತಿರುತ್ತಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎಂದರೆ ಜಾರದೆ ತಿರುಗಿದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗುತ್ತದೆ ಎಂಬುದು. ಸಾಮಾನ್ಯ 9.9 ಎಂಜಿನ್ನಿನ ಗೇರ್ ಅನುಪಾತ 2.08, ಪಿಚ್ 9 ಇಂಚು, ಎಂಜಿನ್ ನಿಮಿಷಕ್ಕೆ 5,000 ಸುತ್ತು ಎಂದು ಇಟ್ಟುಕೊಂಡರೆ, ಫ್ಯಾನು ಗಂಟೆಗೆ 33 ಕಿ.ಮೀ. ಓಡುವ ಹಗುರ ದೋಣಿಗೆ ತಕ್ಕಂತೆ ತಿರುಗುತ್ತಿರುತ್ತದೆ. ಹೊರೆ ಹೊತ್ತ ನಾಡದೋಣಿ ಓಡುವುದು 12ರಲ್ಲಿ. ಉಳಿದದ್ದೆಲ್ಲ ನೊರೆ. ಹೈ ಥ್ರಸ್ಟ್ ಎಂದು ಮಾರುವ 9.9 ಮಾದರಿಗಳಲ್ಲಿ ಗೇರ್ ಅನುಪಾತ 2.92ರಷ್ಟಿರುತ್ತದೆ, ಫ್ಯಾನು ಅಗಲ, ಪಿಚ್ ಕಡಿಮೆ. 7 ಇಂಚಿನ ಪಿಚ್ ಹಾಕಿದರೆ ಅದೇ ಲೆಕ್ಕ ಗಂಟೆಗೆ 18 ಕಿ.ಮೀ.ಗೆ ಇಳಿಯುತ್ತದೆ, ಜಾರಾಟ ಅರ್ಧದಷ್ಟು ತಗ್ಗುತ್ತದೆ. ಇದು ಜೂನ್-ಜುಲೈನ ಹತ್ತರ ಗೆರೆಯ ಒಳಗೇ ಇರುವ ಲಾಭ. ಕೆಲವು ಕಂಪನಿಗಳ 9.9 ಮತ್ತು 15 ಒಂದೇ ದೇಹ, ಒಂದೇ ತೂಕ. ವ್ಯತ್ಯಾಸವೆಲ್ಲ ಗಾಳಿ, ಇಂಧನ ಒಳಹೋಗುವ ದಾರಿಯಲ್ಲಿ. ಆ ದಾರಿ ಅಗಲಿಸಿ, ಮುಚ್ಚಳದ ಮೇಲೆ 9.9ರ ಅಂಕಿ ಉಳಿಸಿಕೊಳ್ಳುವ ಜಾಣತನ ಯಾರಿಗೂ ಹೊಸದಲ್ಲ. ತಪಾಸಣೆಯಲ್ಲಿ ಸಿಕ್ಕರೆ ದಂಡ, ಅಪಘಾತವಾದರೆ ವಿಮೆಯವರ ಪ್ರಶ್ನೆ. ಅಷ್ಟು ಮಾಡಿ ಸಿಗುವುದು ಹೊರೆ ತುಂಬಿದ ದೋಣಿಗೆ ಅರ್ಧ ನಾಟ್ ಆದರೆ ಹೆಚ್ಚು. ಫ್ಯಾನು ಬದಲಿಸಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ ಕಾನೂನುಬದ್ಧವಾಗಿಯೇ ಸಿಗುತ್ತದೆ.

ಫ್ಯಾನು ಸರಿಯಿದೆಯೇ ಎಂದು ಕಂಡುಹಿಡಿಯಲು ಟ್ಯಾಕೋಮೀಟರ್ ಬೇಕು. ಎಂಜಿನ್ ಕೈಪಿಡಿಯಲ್ಲಿ ಪೂರ್ತಿ ರೇಸಿಗೆ ಒಂದು ಸುತ್ತಿನ ಮಿತಿ ಕೊಟ್ಟಿರುತ್ತಾರೆ, ಹಲವು ಸಣ್ಣ ಫೋರ್ ಸ್ಟ್ರೋಕ್‌ಗಳಿಗೆ 5,000ದಿಂದ 6,000. ದೋಣಿಗೆ ಪೂರ್ತಿ ಹೊರೆ ಹಾಕಿ ಓಡಿಸಿದಾಗ ಸುತ್ತು ಆ ಮಿತಿಯ ಕೆಳಗೇ ಉಳಿದರೆ ಪಿಚ್ ಹೆಚ್ಚಾಗಿದೆ ಎಂದರ್ಥ. ಒಂದು ಇಂಚು ಇಳಿಸಿದರೆ ಸುಮಾರು 200 ಸುತ್ತು ಏರುತ್ತದೆ. ಮಿತಿ ಮೀರಿ ಕಿರುಚಿದರೆ ಪಿಚ್ ಏರಿಸಬೇಕು.

ಇನ್ನು ಎಂಜಿನ್ ಕೂರುವ ಜಾಗ. ಹಿಂಬದಿಯ ಹಲಗೆಯ ಎತ್ತರಕ್ಕೆ ತಕ್ಕಂತೆ 15 ಇಂಚಿನ ಗಿಡ್ಡ ಕಾಲು, 20 ಇಂಚಿನ ಉದ್ದ ಕಾಲು ಎಂದು ಎರಡು ಬಗೆ ಸಿಗುತ್ತವೆ. ಫ್ಯಾನಿನ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳಕ್ಕಿಂತ ಒಂದು ಇಂಚಿನಷ್ಟು ಕೆಳಗಿರಬೇಕು. ಮೇಲಿದ್ದರೆ ಅಲೆಯಲ್ಲಿ ಫ್ಯಾನು ಗಾಳಿ ಕುಡಿಯುತ್ತದೆ, ಬಹಳ ಕೆಳಗಿದ್ದರೆ ನೀರನ್ನು ಎಳೆದುಕೊಂಡೇ ಓಡಬೇಕು. ತೂಕವೂ ಮುಖ್ಯ. 9.9 ಎಂಜಿನ್ 40 ಕೆ.ಜಿ. ಆಚೀಚೆ ತೂಗುತ್ತದೆ. 40 ಎಚ್‌ಪಿ ಫೋರ್ ಸ್ಟ್ರೋಕ್ ನೂರರ ಹತ್ತಿರ. ಅದರ ಪಕ್ಕದಲ್ಲಿ ಒಬ್ಬ ಕೂತರೆ ಸಣ್ಣ ದೋಣಿಯ ಹಿಂದಿನ ಅಂಚಿಗೂ ನೀರಿಗೂ ಒಂದು ಗೇಣು ಉಳಿಯುವುದೂ ಕಷ್ಟ. ಹಿಂದಿನಿಂದ ಅಟ್ಟಿಬರುವ ಅಲೆಗೆ ಅಷ್ಟೇ ಸಾಕು. ಇನ್ನು ಹೊರೆ ಮಿತಿ ಮೀರಿದರೆ ಎಷ್ಟು ಎಚ್‌ಪಿ ಇದ್ದರೂ ರಕ್ಷಣೆ ಇಲ್ಲ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ, ಮಿತಿ ಮೀರಿ ಜನ ತುಂಬಿದ್ದ ದೋಣಿ ಮಗುಚಿ 16 ಮಂದಿ ಸತ್ತರು.

ಎರಡೂ ಹಂಗಾಮು ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಆಗಸ್ಟಿನಿಂದ ಮೇವರೆಗೆ 25, ಜೂನ್-ಜುಲೈಗೆ 9.9, ಹೀಗೆ ಎರಡು ಎಂಜಿನ್ ಇಡುವುದು. ದೊಡ್ಡದು ಕೈಕೊಟ್ಟ ದಿನ ಸಣ್ಣದು ಮನೆಗೆ ತಲುಪಿಸುತ್ತದೆ. ಬಂಡವಾಳ ಮಾತ್ರ ಒಂದೂವರೆ ಪಟ್ಟು, ಮತ್ತು ಮಳೆಗಾಲದಲ್ಲಿ ದೊಡ್ಡದನ್ನು ದೋಣಿಯಿಂದ ಇಳಿಸಿಯೇ ಇಡಬೇಕು. ಸಾಲ ಮಾಡಿ ಒಂದೇ ಎಂಜಿನ್ ಕೊಳ್ಳುವವರು ಕಂತುಬಲೆಯವರಾದರೆ 9.9 ಹೈ ಥ್ರಸ್ಟ್ ಮೇಲೆ ಕಣ್ಣಿಡುವುದೇ ಜಾಣತನ.

ಹಳೆಯ ಎಂಜಿನ್ ಕೊಳ್ಳುವವರು ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ಸಿಲಿಂಡರುಗಳ ಕಂಪ್ರೆಷನ್ ಅಳೆಸಬೇಕು. ಎರಡರ ನಡುವೆ ಶೇ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಹಿಂಬದಿಯಿಂದ ಹೊರಬೀಳುವ ತಂಪಿನ ನೀರಿನ ಧಾರೆ ಸಣ್ಣದಾಗಿದ್ದರೆ ಪಂಪಿನ ರಬ್ಬರ್ ಸವೆದಿದೆ. ಕಾಳಿ, ಗಂಗಾವಳಿ ಅಳಿವೆಗಳ ಮರಳು ನೀರಿನಲ್ಲಿ ಓಡಿದ ಎಂಜಿನ್‌ಗಳಲ್ಲಿ ಇದು ಬೇಗ ಸವೆಯುತ್ತದೆ.

ಹೊಸದಾಗಲಿ ಹಳೆಯದಾಗಲಿ, ಹಣ ಕೊಡುವ ಮುನ್ನ ಒದ್ದೆ ಬಲೆ, ಮೂರು ಜನ, ಮೀನಿನ ಬದಲು ಮರಳು ಚೀಲ ತುಂಬಿ ಮಧ್ಯಾಹ್ನದ ಗಾಳಿಯಲ್ಲಿ ಒಂದು ಸುತ್ತು ಓಡಿಸಲು ಕೇಳಬೇಕು. ಮೊಬೈಲಿನ ಜಿಪಿಎಸ್ ವೇಗ ತೋರಿಸುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿ ಸರಾಸರಿ ತೆಗೆದರೆ ಸೆಳೆತದ ಪ್ರಭಾವ ಕಳೆಯುತ್ತದೆ. ಖರೀದಿ ಮುಗಿದ ಮೇಲೆ ಬಿಲ್ಲಿನಲ್ಲಿ ಎಂಜಿನ್ ನಂಬರೂ ಎಚ್‌ಪಿಯೂ ಸ್ಪಷ್ಟವಾಗಿರಲಿ, ಅದೇ ವಿವರ ಮೀನುಗಾರಿಕೆ ಇಲಾಖೆಯಲ್ಲಿರುವ ದೋಣಿಯ ನೋಂದಣಿಗೂ ಸೇರಲಿ. ಸಹಾಯಧನದ ಅರ್ಜಿಗೂ, ಜೂನ್ ತಿಂಗಳ ತಪಾಸಣೆಗೂ ಕೇಳುವುದು ಈ ಕಾಗದವನ್ನೇ.